ಕನ್ನಡ ಕಲಿಯುವವರಿಗೆ ನಾನು ಪ್ರಶ್ನೆಪತ್ರಿಕೆ ಮಾಡುವ ರೀತಿ

ಬೆಂಗಳೂರಿನಲ್ಲಿ ಬೇರೆ ಮನೆಮಾತಿನವರಿಗೆ ಸಂಜೆ ಹೊತ್ತು ಕನ್ನಡ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ ಬರೆಯಲು ಕೂತಾಗ ಮೊದಲು ತೆಗೆಯುವುದು ತಪ್ಪುಗಳ ನೋಟ್‌ಬುಕ್. ಕ್ಲಾಸಲ್ಲಿ ಕಿವಿಗೆ ಬಿದ್ದ ತಪ್ಪುಗಳನ್ನು, ಆಡಿದವರ ಮನೆಮಾತಿನ ಸಮೇತ ಅದರಲ್ಲಿ ಗೀಚಿಟ್ಟಿರುತ್ತೇನೆ.

ಆಯ್ಕೆ ಕೊಡುವ ಪ್ರಶ್ನೆಯಲ್ಲಿ ಸರಿ ಉತ್ತರಕ್ಕಿಂತ ತಪ್ಪು ಉತ್ತರ ಬರೆಯುವುದೇ ಕಷ್ಟ. ಸುಮ್ನೆ ಏನೋ ತುರುಕಿದರೆ ಕನ್ನಡ ಬಾರದವರೂ ಊಹೆ ಮಾಡಿ ಪಾಸಾಗುತ್ತಾರೆ. ಯಾರಾದರೂ ನಿಜವಾಗಿ ಆಡುವ ತಪ್ಪೇ ಬೇಕು. ಇದನ್ನು ನೋಡಿ: ‘ನಿನ್ನೆ ಮಾರ್ಕೆಟ್ಟಲ್ಲಿ ____ ನೋಡಿದೆ.’ ರವಿಯನ್ನು, ರವಿಗೆ, ರವಿಯಿಂದ. ಹಿಂದಿಯವರು ‘ರವಿಗೆ’ ಕಡೆ ವಾಲುತ್ತಾರೆ. ನಮ್ಮ ‘ಅನ್ನು’, ‘ಗೆ’ ಎರಡರ ಕೆಲಸವನ್ನೂ ಹಿಂದಿಯಲ್ಲಿ ‘ಕೋ’ ಒಂದೇ ಮಾಡುತ್ತದಲ್ಲ! ತಮಿಳಿನವರಿಗೆ ಈ ತೊಡಕಿಲ್ಲ, ಅಲ್ಲೂ ಎರಡಕ್ಕೂ ಬೇರೆ ಬೇರೆ ಪ್ರತ್ಯಯ. ನಾಲ್ಕನೇ ಆಯ್ಕೆ ಒಳ್ಳೆಯದು ಸಿಗದಿದ್ದರೆ ಮೂರಕ್ಕೇ ನಿಲ್ಲಿಸುತ್ತೇನೆ.

ಬಿಟ್ಟ ಸ್ಥಳ ತುಂಬುವುದರಲ್ಲಿ ಕ್ಲೋಜ್ ಅನ್ನುವ ಪದ್ಧತಿ ಇದೆ. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಒಂದು ಬರಹ ಓದಲು ಎಷ್ಟು ಸುಲಭ ಅಂತ ಅಳೆಯಲು ಇದನ್ನು ತಂದರು, ಆಮೇಲೆ ಭಾಷಾ ಪರೀಕ್ಷೆಗೂ ಬಂತು. ಐದಕ್ಕೋ ಏಳಕ್ಕೋ ಒಂದರಂತೆ ಪದ ತೆಗೆಯುವುದು. ಕನ್ನಡಕ್ಕೆ ಅದು ಅಷ್ಟು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ‘ಹೋಗಬೇಕಾಗಿತ್ತು’ ಪೂರ್ತಿ ಎತ್ತಿಬಿಟ್ಟರೆ ಪಾಪ, ಏನಂತ ಊಹಿಸಬೇಕು? ‘ಹೋಗ____’ ಅಂತ ಬುಡ ಉಳಿಸಿ ಬಾಲ ಮಾತ್ರ ತೆಗೆಯುತ್ತೇನೆ.

ಕೇಳಿಸಿಕೊಳ್ಳುವ ಪರೀಕ್ಷೆಗೆ ತರಕಾರಿ ಅಂಗಡಿಯ ಧಾಟಿಯ ಮಾತನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ‘ಕಾಲು ಕೆಜಿ ಹದಿನೈದು, ಅರ್ಧ ತಗೊಂಡ್ರೆ ಇಪ್ಪತ್ತೈದಕ್ಕೆ ಹಾಕ್ಕೊಡ್ತೀನಿ.’ ಅರ್ಧ ಕೆಜಿಗೆ ಎಷ್ಟು ಕೊಡಬೇಕು ಅಂತಷ್ಟೇ ಕೇಳುತ್ತೇನೆ. ಎಷ್ಟು ಉಳಿಯಿತು ಅಂತ ಕೇಳಿದರೆ ಅದು ಲೆಕ್ಕದ ಪರೀಕ್ಷೆ ಆಗಿಬಿಡುತ್ತದೆ, ಅಲ್ವಾ? ಪ್ರಶ್ನೆ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಲಿಪಿಯಲ್ಲಿ ಕೊಟ್ಟರೆ, ಮಾತು ಚೆನ್ನಾಗಿ ಅರ್ಥವಾದವರೂ ಓದಲು ಬಾರದೆ ಅಂಕ ಕಳೆದುಕೊಳ್ಳುತ್ತಾರೆ. ಇಂಗ್ಲಿಷೂ ಕಷ್ಟ ಅನ್ನುವವರಿಗೆ ಬಾಯಲ್ಲೇ ಕೇಳುತ್ತೇನೆ.

ತಿದ್ದಿದ ಮೇಲೂ ಒಂದು ಕೆಲಸ ಉಂಟು. ಜಾಸ್ತಿ ಅಂಕದವರ ಪತ್ರಿಕೆ ಒಂದು ಕಡೆ, ಕಮ್ಮಿಯವರದು ಇನ್ನೊಂದು ಕಡೆ ಇಟ್ಟು, ಒಂದೊಂದು ಪ್ರಶ್ನೆಗೂ ಯಾವ ಕಡೆ ಎಷ್ಟು ಜನ ಸರಿ ಬರೆದಿದ್ದಾರೆ ಅಂತ ಎಣಿಸುತ್ತೇನೆ. ಚೆನ್ನಾಗಿ ಬಲ್ಲವರೇ ಜಾಸ್ತಿ ಎಡವಿದ್ದರೆ ಐಬು ಪ್ರಶ್ನೆಯದ್ದೇ. ‘ನಾಳೆ ಊರಿಗೆ ____’ ಅಂತ ಕೇಳಿ ‘ಹೋಗುತ್ತೇನೆ’, ‘ಹೋಗ್ತೀನಿ’ ಎರಡನ್ನೂ ಕೊಟ್ಟರೆ, ದಿನಾ ಕನ್ನಡ ಆಡುವವರು ಎರಡನೆಯದಕ್ಕೇ ಗುರುತು ಹಾಕುವುದು. ಅವರದ್ದೇನೂ ತಪ್ಪಿಲ್ಲ. ಅಂಥ ಪ್ರಶ್ನೆಗೆ ಇಡೀ ಕ್ಲಾಸಿಗೇ ಅಂಕ ಕೊಟ್ಟು, ಮುಂದಿನ ಪತ್ರಿಕೆಯಿಂದ ಅದನ್ನು ಕಿತ್ತುಹಾಕುತ್ತೇನೆ.