ಕಬ್ಬಿನ ಹೊಲಕ್ಕೊಂದು ಮಣ್ಣಿನ ನಕ್ಷೆ

ಇಡೀ ಹೊಲಕ್ಕೆ ಒಂದೇ ಸ್ಯಾಂಪಲ್ ಕೊಟ್ಟರೆ ಸಿಗುವುದು ಸರಾಸರಿ ಲೆಕ್ಕ. ಅದನ್ನು ನಾನಂತೂ ನಂಬುವುದಿಲ್ಲ. ಮೊದಲು ಹೊಲ ಸುತ್ತಿ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಹಿಂದಿನ ಕಬ್ಬು ಎಲ್ಲಿ ಹಳದಿಯಾಗಿತ್ತು ನೋಡಿ, ಕಾಗದದ ಮೇಲೆ ಗೆರೆ ಎಳೆದು ಹೊಲವನ್ನು ತುಂಡುಗಳಾಗಿ ಗುರುತಿಸಿ.

ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ರಿಬ್ಬನ್‌ನಂತೆ ಎಳೆಯಿರಿ. ಉದ್ದಕ್ಕೆ ಬಂದರೆ ಜೇಡಿ ಜಾಸ್ತಿ, ಉದುರಿದರೆ ಮರಳು ಜಾಸ್ತಿ. ನಕ್ಷೆಯಲ್ಲಿ ಬರೆದುಕೊಳ್ಳಿ.

ಪ್ರತಿ ತುಂಡಿನಲ್ಲೂ ಅಡ್ಡಾದಿಡ್ಡಿ ನಡೆದು 8–10 ಕಡೆ ‘ವಿ’ ಆಕಾರದ ಗುಂಡಿ ತೋಡಿ. ಬದು, ತಿಪ್ಪೆ, ಮರದ ಬುಡ ಬಿಡಿ. ಗುಂಡಿಯ ಗೋಡೆಯಿಂದ ಮೇಲಿನಿಂದ 30 ಸೆಂ.ಮೀ.ವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯಿರಿ. ಕಬ್ಬಿನ ಬೇರು ಇನ್ನೂ ಕೆಳಗೆ ಹೋಗುತ್ತದೆ ಅಲ್ವಾ? ಒಂದೆರಡು ಕಡೆ 30–60 ಸೆಂ.ಮೀ. ಮಣ್ಣನ್ನೂ ಬೇರೆಯಾಗಿ ತೆಗೆಯಿರಿ. ಕೆಲವೊಮ್ಮೆ ಉಪ್ಪು ಅಲ್ಲೇ ಅಡಗಿರುತ್ತದೆ. ಒಂದೊಂದು ತುಂಡಿನ ಮೇಲಿನ ಮಣ್ಣನ್ನು ಒಟ್ಟಿಗೆ ಬೆರೆಸಿ, ಕೆಳಗಿನದನ್ನು ಬೇರೆಯೇ ಇಟ್ಟು, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಲ್ಯಾಬಿಗೆ ಕಳಿಸಿ. ಗೊಬ್ಬರದ ಹಳೇ ಚೀಲ ಮಾತ್ರ ಬೇಡ, ಫಲಿತಾಂಶ ಸುಮ್ನೆ ಕೆಡುತ್ತದೆ.

ವರದಿ ಬಂದ ಮೇಲೆ ಬಣ್ಣ ಹಚ್ಚಿ. ಸಾವಯವ ಇಂಗಾಲ (ಕೊಳೆತ ಸೊಪ್ಪು, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲ) ಶೇ 0.5ಕ್ಕಿಂತ ಕಡಿಮೆ ಇದ್ದರೆ ಕೆಂಪು, 0.75ಕ್ಕಿಂತ ಜಾಸ್ತಿ ಇದ್ದರೆ ಹಸಿರು, ನಡುವಿನದು ಹಳದಿ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6.5ಕ್ಕಿಂತ ಕಡಿಮೆ ಅಥವಾ 7.5ಕ್ಕಿಂತ ಜಾಸ್ತಿ ಇರುವ ತುಂಡಿಗೆ ಗುರುತು ಹಾಕಿ. ಮೊದಲ ಕಾಂಪೋಸ್ಟ್ ಗಾಡಿ ಕೆಂಪು ತುಂಡಿಗೇ ಹೋಗಲಿ.