ಮಾಲು ಕೊಟ್ಟ ಮೇಲೆ ಹಣ ಬಾರದಿದ್ದರೆ: ತರಕಾರಿ ಮತ್ತು ಹಾಲು ಮಾರುವ ರೈತರು ತಿಳಿದಿರಬೇಕಾದದ್ದು

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ 15 ಕೆ.ಜಿ. ಬಾಕ್ಸ್‌ಗಳಲ್ಲಿ ಟೊಮೆಟೊ ತರುವ ರೈತರೂ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಹೆಣ್ಣುಮಕ್ಕಳೂ ಮಾಲನ್ನು ಮೊದಲು ಕೊಟ್ಟು ಹಣವನ್ನು ಆಮೇಲೆ ಪಡೆಯುತ್ತಾರೆ. ಬ್ಯಾಂಕಿನವರು ಪಹಣಿ, ಜಾಮೀನು, ಸಹಿ ಎಲ್ಲವನ್ನೂ ಪಡೆದ ಮೇಲೆಯೇ ಸಾಲದ ಹಣ ಬಿಡುಗಡೆ ಮಾಡುತ್ತಾರೆ. ರೈತರು ಮಾತ್ರ ಯಾವ ಕಾಗದವನ್ನೂ ಕೇಳದೆ ಪ್ರತಿದಿನ ಸಾಲ ಕೊಡುತ್ತಿರುತ್ತಾರೆ. ಆ ಸಾಲ ಮುಳುಗದಂತೆ ನೋಡಿಕೊಳ್ಳುವ ಕೆಲಸ ಮಾಲು ಇಳಿಸುವ ದಿನವೇ ಆರಂಭವಾಗಬೇಕು.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಬಿಳಿ ಚೀಟಿ ಇನ್ನೂ ಇದೆ. ಅಂಗೈಯಗಲದ ಕಾಗದದ ಮೇಲೆ ನಮ್ಮ ತಂದೆಯ ಹೆಸರಿನ ಮೊದಲ ಅಕ್ಷರ, ‘46 ಬಾಕ್ಸ್’ ಎಂಬ ಬರಹ, ಅದರ ಕೆಳಗೆ ಗೆರೆ ಎಳೆದು ಒಂದು ಮೊತ್ತ. ಮಂಡಿಯ ಹೆಸರಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ, ಕೊಂಡವರ ಹೆಸರಿಲ್ಲ, ತಾರೀಖಿನಲ್ಲಿ ವರ್ಷವೂ ಇಲ್ಲ. ಆ ಹಣ ಬರಲೇ ಇಲ್ಲ. ದೂರು ಕೊಡಲು ಹೋದಾಗ ಎದುರಾದ ಮೊದಲ ಪ್ರಶ್ನೆ ‘ಈ ಚೀಟಿ ಕೊಟ್ಟವರು ಯಾರು?’ ಎಂಬುದು. ಅದಕ್ಕೆ ಉತ್ತರ ತಂದೆಯವರ ಬಾಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ.

ಬಿಳಿ ಚೀಟಿಯ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಬಿಲ್ಲಿಲ್ಲದ ವ್ಯಾಪಾರದಲ್ಲಿ ಮಾರುಕಟ್ಟೆ ಶುಲ್ಕ ಕಟ್ಟದೆ ತಪ್ಪಿಸಿಕೊಳ್ಳಬಹುದಾದ್ದರಿಂದ ಕೊಳ್ಳುವವರಿಗೆ ಅದು ಲಾಭ. ಆದರೆ ಆ ವ್ಯಾಪಾರ ಎಪಿಎಂಸಿ ಸಮಿತಿಯ ದಾಖಲೆಗೆ ಬರುವುದೇ ಇಲ್ಲ, ದಾಖಲೆಯಲ್ಲಿಲ್ಲದ ವ್ಯಾಪಾರದ ಹಣವನ್ನು ಸಮಿತಿ ಕೊಡಿಸುವುದೂ ಕಷ್ಟ. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮದ ಪ್ರಕಾರ ಯಾರ್ಡಿನ ದಲ್ಲಾಳಿಗಳೂ ವರ್ತಕರೂ ಲೈಸೆನ್ಸ್ ಪಡೆದಿರಬೇಕು. ಅದನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಅಧಿಕಾರ ಸಮಿತಿಗಿದೆ. ಬಾಕಿ ಉಳಿಸಿಕೊಂಡವರು ಹೆದರುವುದು ಹೆಚ್ಚಾಗಿ ಈ ಅಧಿಕಾರಕ್ಕೇ. ಆದುದರಿಂದ ಮಂಡಿಯ ಹೆಸರು, ಲೈಸೆನ್ಸ್ ಸಂಖ್ಯೆ, ತಾರೀಖು, ತೂಕ, ದರ, ಕೊಂಡವರ ಹೆಸರು ಇರುವ ಮುದ್ರಿತ ಬಿಲ್ಲನ್ನೇ ಕೇಳಿ ಪಡೆಯಬೇಕು. ಆ ಬಿಲ್ಲಿನಲ್ಲಿ ನಿಮ್ಮ ಲೆಕ್ಕದಿಂದ ಕಮಿಷನ್ ಕಡಿದಿದ್ದರೆ ಅದನ್ನೂ ಪ್ರಶ್ನಿಸಬಹುದು, ಏಕೆಂದರೆ ಕಮಿಷನ್ ಕೊಡಬೇಕಾದವರು ಕೊಳ್ಳುವವರೇ ಹೊರತು ಮಾರುವವರಲ್ಲ. ಹಣ ತಡವಾದರೆ ಸಮಿತಿಯ ಕಾರ್ಯದರ್ಶಿಯವರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಇಲ್ಲಿ ನೆನೆಯದೆ ಇರಲಾಗದು. ಅಲ್ಲಿ ಸರ್ಕಾರಿ ಮಾರುಕಟ್ಟೆಯೊಳಗೆ ಹರಾಜಾದ ರೇಷ್ಮೆಗೂಡಿನ ಹಣ ಮಾರುಕಟ್ಟೆಯ ಲೆಕ್ಕದ ಮೂಲಕವೇ ರೈತರ ಬ್ಯಾಂಕ್ ಖಾತೆಗೆ ಬರುತ್ತದೆ. ತರಕಾರಿ, ಹಣ್ಣಿಗೆ ಅಂಥ ಏರ್ಪಾಡು ಇಲ್ಲದಿರುವಾಗ, ಹೊಲಕ್ಕೇ ಲಾರಿ ತಂದು ದ್ರಾಕ್ಷಿಯನ್ನೋ ಮಾವನ್ನೋ ತುಂಬಿಕೊಂಡು ಹೋಗುವ ಹೊರಗಿನ ವ್ಯಾಪಾರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದುದು: ಲಾರಿ ಹೊರಡುವ ಮುನ್ನ ಹಣ ಖಾತೆಗೆ ಬಂದಿರಬೇಕು. ಒಂದೆರಡು ರೂಪಾಯಿ ಕಡಿಮೆ ದರಕ್ಕೆ ಒಪ್ಪಿಕೊಂಡಾದರೂ ಕೈಮೇಲೆ ಹಣ ಪಡೆಯುವುದು ಲೇಸು.

ಹಾಲಿನ ಬಾಕಿ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ದಿನಕ್ಕೆ 20 ಲೀಟರ್ ಹಾಲನ್ನು ಲೀಟರಿಗೆ 35 ರೂಪಾಯಿಯಂತೆ ಹಾಕುವ ಮನೆಗೆ ಹದಿನೈದು ದಿನದ ಬಟವಾಡೆ 10,500 ರೂಪಾಯಿ. ‘ಮುಂದಿನ ಬಟವಾಡೆಯಲ್ಲಿ ಸೇರಿಸಿ ಕೊಡುತ್ತೇವೆ’ ಎಂದು ಎರಡು ಸಲ ಹೇಳಿಸಿಕೊಂಡರೆ ಅದು 31,500 ಆಗುತ್ತದೆ, ಹಿಂಡಿ ಬೂಸದ ಅಂಗಡಿಯ ಸಾಲ ಬೇರೆ. ಬಾಕಿ ಎಷ್ಟಾದರೆ ಹಾಲು ನಿಲ್ಲಿಸಬೇಕೆಂಬ ಮಿತಿಯನ್ನು ಮನೆಯವರೆಲ್ಲ ಕೂತು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಖಾಸಗಿ ಡೈರಿಗೆ ಹಾಲು ಹಾಕುವವರು ಹೆಚ್ಚು ಎಚ್ಚರದಿಂದಿರಬೇಕು: ಹಾಲು ಕೊಳ್ಳುತ್ತಿರುವುದು ಕಂಪನಿಯೋ, ಊರಿನ ಏಜೆಂಟನೋ ಎಂಬುದು ಚೀಟಿಯಲ್ಲಿ ಸ್ಪಷ್ಟವಾಗಿರದಿದ್ದರೆ, ಹಣ ನಿಂತ ದಿನ ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟೆಂದು ತೋರಿಸುವ ಯಂತ್ರದ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬರೀ ಬಿಳಿ ಕಾಗದ ಉಳಿಯುತ್ತದೆ. ಅಂದಂದೇ ಫೋಟೊ ತೆಗೆದು, ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸಹಕಾರ ಸಂಘದ ಡೈರಿಯಲ್ಲಿ ದಾರಿ ಬೇರೆ. ಬಟವಾಡೆ ನಿಂತರೆ, ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ, ಸದಸ್ಯರು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಬಹುದು. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 64ನೇ ಪ್ರಕರಣ ವಿಚಾರಣೆಗೂ, 70ನೇ ಪ್ರಕರಣ ಸದಸ್ಯರ ಮತ್ತು ಸಂಘದ ನಡುವಿನ ವ್ಯಾಜ್ಯಕ್ಕೂ ಅವಕಾಶ ಕೊಡುತ್ತದೆ. ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಸರ್ಕಾರದಿಂದ ಬರುವಂಥದ್ದು. ಅದು ತಡವಾದುದಕ್ಕೆ ಸಂಘದ ಕಾರ್ಯದರ್ಶಿಯೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಬಾಕಿ ಉಳಿದೇ ಹೋದಾಗ ಕಾಲದ ಲೆಕ್ಕ ಮುಖ್ಯವಾಗುತ್ತದೆ. ಮಾರಿದ ಮಾಲಿನ ಹಣಕ್ಕೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿಯಿದೆ. ಆ ಅವಧಿಯೊಳಗೆ ಬಾಕಿದಾರರು ‘ಇಷ್ಟು ಕೊಡಬೇಕಾಗಿದೆ’ ಎಂದು ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಎಣಿಸಲಾಗುತ್ತದೆ. ಆದ್ದರಿಂದ ‘ನೋಡೋಣ ಬಿಡಿ ಅಣ್ಣ, ಕೊಟ್ಟೇ ಕೊಡ್ತೀನಿ’ ಎಂಬ ಮಾತಿಗೆ ತೃಪ್ತರಾಗದೆ, ನಿಮ್ಮ ನೋಟ್‌ಬುಕ್ಕಿನ ಮೊತ್ತದ ಕೆಳಗೇ ಸಹಿ ಹಾಕಿಸಿಕೊಳ್ಳಿ. ನೀವೊಬ್ಬರೇ ಬರೆದುಕೊಂಡ ಲೆಕ್ಕ ನ್ಯಾಯಾಲಯದಲ್ಲಿ ತಾನಾಗಿ ಸಾಕಾಗುವುದಿಲ್ಲ.

ಚೆಕ್ ಕೊಟ್ಟಿದ್ದರೆ ನಿಮ್ಮ ಬಲ ಹೆಚ್ಚು, ಆದರೆ ಗಡುವು ತೀರ ಬಿಗಿ. ಚೆಕ್ಕಿನ ಮೇಲಿರುವ ತಾರೀಖಿನಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಅದು ವಾಪಸಾದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಆಗಲೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ದಾಖಲಾಗಬೇಕು. ಚೆಕ್ಕುಗಳಿಗೆ ಅನ್ವಯಿಸುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಪ್ರಕರಣದಡಿ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ‘ಹಬ್ಬ ಕಳೆಯಲಿ’ ಎಂದು ಕಾಯುತ್ತ ಆ 30 ದಿನವನ್ನು ಕಳೆದುಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿದಿದೆ.

ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎಂಬ ಉತ್ತರ ಬರುವುದುಂಟು. ಬರೀ ಬಾಕಿಗೆ ಆ ಮಾತು ಸರಿ. ಮೊದಲಿನಿಂದಲೇ ಹಣ ಕೊಡುವ ಉದ್ದೇಶವಿರಲಿಲ್ಲವೆಂದು ತೋರಿಸುವ ಸಂಗತಿಗಳಿದ್ದರೆ, ಅಂದರೆ ಸುಳ್ಳು ವಿಳಾಸ, ಒಂದೇ ವಾರದಲ್ಲಿ ಹಲವು ಊರುಗಳಿಂದ ಮಾಲು ಎತ್ತಿ ಅಂಗಡಿ ಮುಚ್ಚಿದ್ದು ಮುಂತಾದವು ಇದ್ದರೆ, ಅದು ವಂಚನೆಯ ದೂರಾಗುತ್ತದೆ. ನಷ್ಟವಾದ ರೈತರೆಲ್ಲ ಒಟ್ಟಾಗಿ ಹೋಗಬೇಕು.

ಕೊಂಡ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋದರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನದೊಳಗೆ ನಿಮ್ಮ ಬಾಕಿಯ ಹಕ್ಕನ್ನು ದಾಖಲೆ ಸಮೇತ ಸಲ್ಲಿಸಬೇಕು. ಕಂಪನಿಯ ಆಸ್ತಿ ಮಾರುವ ಹಂತಕ್ಕೆ ಬಂದರೆ, ಅಡಮಾನ ಪಡೆದ ಬ್ಯಾಂಕುಗಳೂ ಕೆಲಸಗಾರರೂ ಮುಂದಿನ ಸಾಲಿನಲ್ಲಿರುತ್ತಾರೆ, ಮಾಲು ಕೊಟ್ಟವರು ಹಿಂದಿರುತ್ತಾರೆ. ಬಾಕಿ ಬೆಳೆಯಲು ಬಿಡಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ತಾಲ್ಲೂಕು ಸಮಿತಿಗಳೂ ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತವೆ. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿಯಿಲ್ಲ. ಅನೇಕ ಮನೆಗಳಲ್ಲಿ ಹಾಲಿನ ಪಾಸ್‌ಬುಕ್ ಇರುವುದು ಮನೆಯಾಕೆಯ ಹೆಸರಿನಲ್ಲೇ. ಹಾಗಿದ್ದರೆ ಅರ್ಜಿಯನ್ನು ಆಕೆಯ ಹೆಸರಿನಲ್ಲೇ ಬರೆಯಿಸಿ, ಪಾಸ್‌ಬುಕ್, ಬಿಲ್ಲುಗಳು, ಬ್ಯಾಂಕ್ ಖಾತೆಯ ವಿವರ ಮತ್ತು ಸಹಿ ಹಾಕಿಸಿಕೊಂಡ ನೋಟ್‌ಬುಕ್ಕಿನ ನಕಲು ಜೊತೆಗಿಟ್ಟುಕೊಂಡು ಹೋಗಿ.