ಶಿಮಾನಾಮಿ ಕೈಡೋದಲ್ಲಿ ಸೈಕಲ್: ಅವಸರ ಬೇಡ, ಒಂದು ರಾತ್ರಿ ಉಳಿಯಿರಿ

ಶಿಮಾನಾಮಿ ಕೈಡೋ ಅಂದರೆ ಜಪಾನಿನ ಒನೊಮಿಚಿ ಊರಿಂದ ಇಮಾಬಾರಿ ಊರಿಗೆ ಹೋಗುವ ದಾರಿ, ಸೈಕಲ್ಲಿಗೆ ಸುಮಾರು 70 ಕಿ.ಮೀ. ನಡುವೆ ಸೆತೋ ಒಳಗಡಲಿನ ಆರು ದ್ವೀಪಗಳು, ಅವುಗಳನ್ನು ಬೆಸೆಯುವ ದೊಡ್ಡ ದೊಡ್ಡ ಸೇತುವೆಗಳು. ಒಂದೇ ದಿನದಲ್ಲಿ ಮುಗಿಸಬಹುದು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಮುಗಿಸಬಹುದು. ಆದರೆ ಬರೀ ಮುಗಿಸೋದೇ ಗುರಿಯಾದರೆ ಬೆಂಗಳೂರಿಂದ ನಂದಿಬೆಟ್ಟಕ್ಕೆ ತುಳಿದರೆ ಸಾಕಲ್ವಾ? ನಾನು ದಾರಿಮಧ್ಯದ ಸೆತೋದಾ ಊರಿನಲ್ಲಿ ರಾತ್ರಿ ಉಳಿಯುವ ಲೆಕ್ಕದಲ್ಲೇ ಹೊರಟೆ.

ಸೈಕಲ್ ಒನೊಮಿಚಿಯಲ್ಲೇ ಬಾಡಿಗೆಗೆ ಸಿಗುತ್ತದೆ. ಇಲ್ಲಿ ತಗೊಂಡು ಇಮಾಬಾರಿಯಲ್ಲಿ ಬಿಡಬಹುದು, ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು. ಬ್ಯಾಟರಿ ಸೈಕಲ್ಲಿಗೆ ನಿಯಮ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ. ಬಾಡಿಗೆ ಅಂಗಡಿಗಳು ಸಂಜೆಯೇ ಬಾಗಿಲು ಹಾಕುತ್ತವೆ ಅನ್ನುವುದೂ ನೆನಪಿರಲಿ. ದೊಡ್ಡ ಬ್ಯಾಗನ್ನು ಕೊರಿಯರ್‌ನಲ್ಲಿ ಮುಂದಿನ ಹೋಟೆಲ್‌ಗೆ ಕಳಿಸಿಬಿಟ್ಟೆ. ಜಪಾನಿನಲ್ಲಿ ಇದು ತೀರಾ ಮಾಮೂಲಿ, ಹೋಟೆಲ್ ಕೌಂಟರ್‌ನಲ್ಲೇ ಆಗುತ್ತದೆ. ಅಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ, ಹಾಗಾಗಿ ತಲೆ ಕೆಡುವುದಿಲ್ಲ.

ಮೊದಲ ದ್ವೀಪ ಮುಕೈಶಿಮಾಕ್ಕೆ ಸೇತುವೆ ಇದ್ದರೂ ಅದು ಇಕ್ಕಟ್ಟು. ಸೈಕಲ್‌ನವರು ದೋಣಿಯಲ್ಲಿ ದಾಟುತ್ತಾರೆ, ಕೆಲವೇ ನಿಮಿಷದ ದಾರಿ. ಇಳಿದ ಮೇಲೆ ರಸ್ತೆಯಂಚಿನ ನೀಲಿ ಗೆರೆ ಹಿಡಿದು ಹೋದರಾಯಿತು. ಇಮಾಬಾರಿಗೆ ಇನ್ನೆಷ್ಟು ಕಿಲೋಮೀಟರ್ ಅಂತಲೂ ನೆಲದ ಮೇಲೇ ಬರೆದಿರುತ್ತಾರೆ.

ಏರಿನ ಬಗ್ಗೆ ಹೆದರುವವರಿಗೆ ಒಂದು ಮಾತು. ದ್ವೀಪಗಳ ಕರಾವಳಿ ರಸ್ತೆ ಹೆಚ್ಚುಕಮ್ಮಿ ಸಮತಟ್ಟು. ಕೆಳಗೆ ಹಡಗು ಹೋಗಬೇಕಲ್ಲ, ಅದಕ್ಕೆ ಸೇತುವೆಗಳು ತುಂಬಾ ಎತ್ತರದಲ್ಲಿವೆ. ಆದರೆ ಸೈಕಲ್ಲಿಗೆಂದೇ ಬೇರೆ ದಾರಿ ಮಾಡಿ, ಕಿತ್ತಳೆ ಜಾತಿಯ ಹಣ್ಣಿನ ತೋಟಗಳ ಮಧ್ಯೆ ಸುತ್ತಿಸಿ ಸುತ್ತಿಸಿ ಹತ್ತಿಸುತ್ತಾರೆ. ಹೆಚ್ಚಿನ ಕಡೆ ನೂರು ಮೀಟರಿಗೆ ಸುಮಾರು ಮೂರು ಮೀಟರ್ ಏರು, ಅಷ್ಟೇ. ಸಣ್ಣ ಗೇರಿಗೆ ಹಾಕಿ, ಸೀಟಿನಿಂದ ಏಳದೆ ತುಳಿಯುತ್ತಾ ಹೋದೆ. ನಾನು ಹೋದಾಗ ಸೈಕಲ್ಲಿಗೆ ಟೋಲ್ ಕೂಡ ಮಾಫಿ ಇತ್ತು.

ಮುಂದಿನ ದ್ವೀಪ ಇನ್ನೊಶಿಮಾಕ್ಕೆ ಹೋಗುವ 1983ರ ಸೇತುವೆಯಲ್ಲಿ ಸೈಕಲ್ ದಾರಿ ಕಾರುಗಳ ಕೆಳಗಿನ ಅಂತಸ್ತಿನಲ್ಲಿದೆ. ಸುತ್ತ ಜಾಲರಿ, ತಲೆ ಮೇಲೆ ಗಡಗಡ ಸದ್ದು. ನನಗೆ ಅಷ್ಟೇನೂ ಹಿಡಿಸಲಿಲ್ಲ. ದ್ವೀಪದ ಹಸ್ಸಾಕು ದೈಫುಕು ಮಾತ್ರ ಬಿಡಬೇಡಿ. ಅಕ್ಕಿಹಿಟ್ಟಿನ ಮೆತ್ತನೆ ಉಂಡೆಯೊಳಗೆ ಬಿಳಿ ಬೀನ್ಸ್ ಕಾಳಿನ ಸಿಹಿ ಹೂರಣ, ಅದರೊಳಗೆ ಹಸ್ಸಾಕು ಅನ್ನುವ ಹುಳಿ ಹಣ್ಣಿನ ತೊಳೆ. ನಾನು ಸಸ್ಯಾಹಾರಿ. ಇದು, ಉಪ್ಪಿನಕಾಯಿ ಪ್ಲಮ್ ಇಟ್ಟ ಅನ್ನದ ಉಂಡೆ ಒನಿಗಿರಿ, ಬಾಳೆಹಣ್ಣು: ಹಗಲೆಲ್ಲ ಇವುಗಳಲ್ಲೇ ಕಳೆಯಿತು. ಸಾರು, ನೂಡಲ್ಸ್‌ಗಳಲ್ಲಿ ಮೀನಿನ ರಸ ಇದ್ದೇ ಇರುತ್ತದೆ ಅಂದುಕೊಳ್ಳಿ. ದ್ವೀಪಗಳಲ್ಲಿ ಅಂಗಡಿಗಳು ದೂರ ದೂರ, ಆದ್ದರಿಂದ ಒನೊಮಿಚಿಯಲ್ಲೇ ಕಟ್ಟಿಸಿಕೊಂಡು ಹೊರಡುವುದು ವಾಸಿ.

ಸೆತೋದಾ ಇರುವುದು ಇಕುಚಿಜಿಮಾ ದ್ವೀಪದಲ್ಲಿ, ಜಪಾನಿನ ನಿಂಬೆಯ ಊರು. ದಿನದ ಸವಾರರು ಹೊರಟುಹೋದ ಮೇಲೆ ಸಂಜೆ ಊರಿನ ಹಳೆ ಅಂಗಡಿಬೀದಿ ನಮ್ಮದೇ. ಬೆಳಿಗ್ಗೆ ಎದ್ದು ಪಶ್ಚಿಮದ ಕಡಲಂಚಿನಲ್ಲಿ ತುಳಿದರೆ ತತಾರಾ ಸೇತುವೆ ಎದುರಿಗೇ ಬರುತ್ತದೆ. ಮೊದಲು ತೂಗುಸೇತುವೆ ಕಟ್ಟುವ ಯೋಜನೆ ಇತ್ತಂತೆ. ಅದಕ್ಕೆ ಗುಡ್ಡ ಜಾಸ್ತಿ ಅಗೆಯಬೇಕಾಗುತ್ತದೆ ಅಂತ ಬಿಟ್ಟು, ಗೋಪುರಗಳಿಂದ ನೇರ ಕೇಬಲ್ ಎಳೆದ ಮಾದರಿಗೆ ಬದಲಾಯಿಸಿದರು. 1999ರಲ್ಲಿ ತೆರೆದಾಗ ಆ ಜಾತಿಯಲ್ಲಿ ಜಗತ್ತಿಗೇ ಉದ್ದದ್ದು, ಎರಡು ಗೋಪುರಗಳ ನಡುವಿನ ಅಂತರ 890 ಮೀಟರ್. ಗೋಪುರದ ಬುಡದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ಮೇಲಕ್ಕೆ ಪುಟಿಯುತ್ತಾ ಹೋಗುತ್ತದೆ. ದೊಡ್ಡವರೂ ನಾಚಿಕೆ ಬಿಟ್ಟು ಹೊಡೆಯುತ್ತಿರುತ್ತಾರೆ.

ಕಾಲಿನ ಶಕ್ತಿ ಉಳಿಸಿಕೊಳ್ಳಬೇಕಾದದ್ದು ಒಶಿಮಾಕ್ಕೆ. ಓಮಿಶಿಮಾ ಅಲ್ಲ, ಅದು ತತಾರಾ ಸೇತುವೆ ದಾಟಿದೊಡನೆ ಸಿಗುವ ಬೇರೆ ದ್ವೀಪ. ಒಶಿಮಾ ಕೊನೆಯ ದ್ವೀಪ. ಅಲ್ಲಿ ನೀಲಿ ಗೆರೆ ಕಡಲು ಬಿಟ್ಟು ಒಳಗೆ ನುಗ್ಗಿ ದಿಬ್ಬ ಹತ್ತುತ್ತದೆ. ದಣಿದಿರುವಾಗ ಇದು ಚೆನ್ನಾಗಿಯೇ ಕಾಡುತ್ತದೆ.

ಅದು ಮುಗಿದರೆ ಕುರುಶಿಮಾ. ಸಾಲಾಗಿ ಮೂರು ತೂಗುಸೇತುವೆ, ಸೇರಿ ಸುಮಾರು 4 ಕಿ.ಮೀ. ಒನೊಮಿಚಿಯಿಂದ ಹೊರಡಿ ಅಂತ ನಾನು ಹೇಳುವುದೇ ಇದನ್ನು ಕೊನೆಗೆ ಇಟ್ಟುಕೊಳ್ಳಲಿ ಅಂತ. ಕೆಳಗಿನ ಸೆಳೆತ ಎಷ್ಟೆಂದರೆ, ನೀರು ಸುಳಿಯುವುದು ಮೇಲಿಂದಲೇ ಕಾಣುತ್ತದೆ. ಹಡಗುಗಳಿಗೆ ಇಲ್ಲಿ ವಿಚಿತ್ರ ನಿಯಮವಿದೆ: ಸೆಳೆತದ ಜೊತೆ ಹೋಗುವವು ನಡುಗಾಲುವೆಯಲ್ಲಿ, ಎದುರಾಗಿ ಹೋಗುವವು ಪಶ್ಚಿಮದ ಕಾಲುವೆಯಲ್ಲಿ. ನೀರು ತಿರುಗಿದಾಗ ಹಡಗುಗಳ ದಾರಿಯೂ ಅದಲುಬದಲು. ಕಂಬಿಗೆ ಸೈಕಲ್ ಒರಗಿಸಿ ಬಹಳ ಹೊತ್ತು ಅದನ್ನೇ ನೋಡಿದೆ. ಗಾಳಿ ಜೋರಿದ್ದರೆ ಟೋಪಿ ಭದ್ರ.

ಇಮಾಬಾರಿ ಸ್ಟೇಷನ್ ಹತ್ತಿರ ಸೈಕಲ್ ಒಪ್ಪಿಸಿ, ಫುಕುಯಾಮಾ ಬಸ್ ಹಿಡಿದರೆ ಅಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಸಿಗುತ್ತದೆ. ಸ್ವಂತ ಸೈಕಲ್ ತಂದವರು ರೈಲಿಗೆ ಹತ್ತಿಸಬೇಕಾದರೆ ಬಿಚ್ಚಿ, ಪೂರ್ತಿ ಚೀಲಕ್ಕೆ ತುಂಬಲೇಬೇಕು. ಚಕ್ರ ಹೊರಗೆ ಇಣುಕಿದರೂ ಒಪ್ಪುವುದಿಲ್ಲ.